ನೀರಗಂಟಿಯ ಮಾತು, ನೀರಗಂಟಿಯ ಲೋಟ



ಕುಣಿಗಲ್ಲಿನ ದೊಡ್ಡಕೆರೆ ಏರಿಯ ಮೇಲೆ ನಿಂತವರು ನೀರನ್ನು ನೋಡುತ್ತಾರೆ, ಕೆಳಗೆ ಹಬ್ಬಿದ ಗದ್ದೆಬಯಲನ್ನು ನೋಡುತ್ತಾರೆ. ಎರಡರ ನಡುವೆ ಇರುವ ತೂಬಿನ ಕಡೆಗೆ ಕಣ್ಣು ಹಾಯುವುದು ಕಡಿಮೆ. ನಾನು ಇಂದು ಹೇಳಬೇಕಾದ ಮಾತು ಆ ತೂಬಿನ ಬಳಿಯೇ ಇದೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ನೀರು ಬಿಡುವ, ನಿಲ್ಲಿಸುವ, ಹಂಚುವ ಕೆಲಸ ನೀರಗಂಟಿಯದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು, ತಲೆಗದ್ದೆಯವರು ಯಾವಾಗ ಮಡೆ ಕಟ್ಟಬೇಕು, ಕೊನೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ, ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನು. ಹತ್ತಾರು ಎಕರೆಯ ಒಡೆಯನಾದ ಪಟೇಲನೂ ತೂಬಿನ ಬಳಿ ಅವನ ಮಾತು ಮೀರುವಂತಿರಲಿಲ್ಲ. ಮೀರಿದರೆ ಊರಿನ ನೀರಿನ ಲೆಕ್ಕವೇ ತಪ್ಪುತ್ತಿತ್ತು. ಹೀಗಾಗಿ ಕೆರೆಯ ಮಟ್ಟಿಗೆ ಅವನು ಅಧಿಕಾರಿ. ಸುಗ್ಗಿಯ ಕಣದಲ್ಲಿ ಅವನ ಪಾಲಿನ ಕಾಳು ಅಳೆದು ಕೊಡುವವರೆಗೆ ಆ ಅಧಿಕಾರಕ್ಕೆ ಊರೇ ಸಾಕ್ಷಿ.

ಆದರೆ ಬಹಳಷ್ಟು ಊರುಗಳಲ್ಲಿ ಈ ಕೆಲಸ ವಂಶಪಾರಂಪರ್ಯವಾಗಿ ಬಂದದ್ದು ಊರಾಚೆಯ ಕೇರಿಯವರಿಗೆ. ಬೆಳಗ್ಗೆ ತೂಬಿನ ಮೇಲೆ ನಿಂತು ಪಟೇಲನ ಗದ್ದೆಯ ನೀರು ನಿಲ್ಲಿಸಿದವನು, ಸಂಜೆ ಅದೇ ಪಟೇಲನ ಮನೆಗೆ ಬಂದರೆ ಜಗಲಿ ಹತ್ತುವಂತಿರಲಿಲ್ಲ. ಬಾಯಾರಿದೆ ಎಂದರೆ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು, ಇಲ್ಲವೇ ಸೂರಿನಡಿ ಸಿಕ್ಕಿಸಿಟ್ಟ ಬೇರೆ ಲೋಟ ತೋರಿಸುತ್ತಿದ್ದರು. ಊರಿಗೆಲ್ಲ ನೀರು ಹಂಚಿದ ಕೈಗೆ ಕುಡಿಯಲು ಒಂದು ಲೋಟ ನೀರನ್ನು ಸರಿಯಾಗಿ ಕೊಟ್ಟವರಿಲ್ಲ.

ಈ ಒಬ್ಬ ಮನುಷ್ಯನನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡರೆ ನನ್ನ ಇಂದಿನ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಹುದ್ದೆಗೆ ಕೊಡುವ ಮರ್ಯಾದೆ ಒಂದು. ಮನುಷ್ಯನಾಗಿ ಹುಟ್ಟಿದ ಕಾರಣಕ್ಕೇ ಸಲ್ಲಬೇಕಾದ ಮರ್ಯಾದೆ ಮತ್ತೊಂದು. ಮೊದಲನೆಯದು ಇದ್ದಲ್ಲಿ ಎರಡನೆಯದೂ ತಾನೇ ಬಂದುಬಿಡುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ. ಓದಿ ನೌಕರಿ ಹಿಡಿ, ಆಮೇಲೆ ಎಲ್ಲರೂ ಮರ್ಯಾದೆ ಕೊಡುತ್ತಾರೆ ಎಂದು ಮಕ್ಕಳಿಗೆ ಹೇಳುತ್ತೇವೆ. ನೀರಗಂಟಿಗೆ ಅಧಿಕಾರವಿತ್ತು, ಮನುಷ್ಯನ ಮರ್ಯಾದೆ ಬರಲಿಲ್ಲ. ಇಂದಿಗೂ ದೊಡ್ಡ ಹುದ್ದೆಯಲ್ಲಿರುವ ಅಧಿಕಾರಿಗೆ ಕಚೇರಿಯಲ್ಲಿ ಎದ್ದು ನಿಂತು ನಮಸ್ಕರಿಸುವವರು, ಅವರ ಜಾತಿ ತಿಳಿದ ಮೇಲೆ ಬಾಡಿಗೆಗೆ ಮನೆ ಇಲ್ಲ ಎನ್ನುವುದುಂಟು. ಮಾತು ಪೂರ್ತಿ ನಯವಾಗಿಯೇ ಇರುತ್ತದೆ, ಮನೆ ಮಾತ್ರ ಸಿಗುವುದಿಲ್ಲ.

ಇದೇ ಮಾತು ರಂಗಭೂಮಿಗೂ ಸಲ್ಲುತ್ತದೆ. ಗುಬ್ಬಿಯ ಹೆಸರು ಕೇಳಿದೊಡನೆ 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ ನೆನಪಾಗುತ್ತದೆ, ಅದನ್ನು ನಾಡಿಗೆಲ್ಲ ಹರಡಿದ ವೀರಣ್ಣನವರು ನೆನಪಾಗುತ್ತಾರೆ. ಆ ಕಾಲದ ವೃತ್ತಿರಂಗಭೂಮಿಯವರ ಬದುಕೂ ನೀರಗಂಟಿಯದಕ್ಕಿಂತ ಬಹಳ ದೂರವಿರಲಿಲ್ಲ. ರಾತ್ರಿ ರಂಗದ ಮೇಲೆ ಕಿರೀಟ ಇಟ್ಟಾಗ ಊರು ಜಯಕಾರ ಹಾಕುತ್ತಿತ್ತು, ಹಗಲು ಅದೇ ಊರು ನಾಟಕದವರೆಂದು ದೂರ ಇಡುತ್ತಿತ್ತು. ಹೆಣ್ಣುಮಕ್ಕಳು ರಂಗಕ್ಕೆ ಬಂದಾಗಲಂತೂ ಆಡಿಕೊಂಡ ಮಾತುಗಳಿಗೆ ಮಿತಿಯಿರಲಿಲ್ಲ. ವೇಷಕ್ಕೆ ಸಂದದ್ದು ವೇಷಧಾರಿಗೆ ಸಲ್ಲಲಿಲ್ಲ.

ಈಗ ನಮ್ಮ ಕಚೇರಿಗಳ ಬಾಗಿಲಿಗೆ ಬರೋಣ. ನಾಡಕಚೇರಿಗೋ ತಾಲ್ಲೂಕು ಕಚೇರಿಗೋ ಬರುವ ರೈತನನ್ನು ನೋಡಿ. ಪಹಣಿಯಲ್ಲಿ ಹೆಸರು ತಪ್ಪಿದೆ, ಪೋಡಿ ಆಗಿಲ್ಲ, ಪೌತಿ ಖಾತೆ ಆಗಬೇಕು. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಾನೆ. ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ. ಎದುರಿಗೆ ಕುರ್ಚಿ ಖಾಲಿ ಇದ್ದರೂ ಕೂರುವುದಿಲ್ಲ. ತನ್ನ ಮಗನ ವಯಸ್ಸಿನ ನೌಕರನನ್ನು ‘ಸ್ವಾಮಿ’ ಎನ್ನುತ್ತಾನೆ, ಇನ್ನೂ ಹಳಬನಾದರೆ ‘ಬುದ್ದಿ’ ಎನ್ನುತ್ತಾನೆ. ಆ ಕಡೆಯಿಂದ ಬರುವ ಉತ್ತರ: “ಏನಯ್ಯಾ ನಿಂದು? ನಾಳೆ ಬಾ.” ಅಜ್ಜಿ ಮೊಮ್ಮಗನನ್ನು ‘ಬಾರೋ’ ಎಂದು ಕರೆಯುವಾಗ ಅದರಲ್ಲಿ ಪ್ರೀತಿ ತುಂಬಿರುತ್ತದೆ, ಹಾಗಾಗಿ ಏಕವಚನವೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಎಪ್ಪತ್ತು ವರ್ಷದ ರೈತ ಬಹುವಚನ ಕೊಟ್ಟೇ ಒಳಗೆ ಬರಬೇಕು, ಏಕವಚನ ತೆಗೆದುಕೊಂಡೇ ಹೊರಗೆ ಹೋಗಬೇಕು.

ಸ್ವಲ್ಪ ಯೋಚಿಸಿದರೆ ಇಲ್ಲೊಂದು ಒಪ್ಪಂದ ಅಡಗಿದೆ. ನೀನು ನನ್ನ ಕುರ್ಚಿಗೆ ತಲೆಬಾಗು, ಆಮೇಲೆ ನಾನು ನಿನ್ನನ್ನು ಮನುಷ್ಯನಂತೆ ಕಾಣುತ್ತೇನೆ. ತಲೆಬಾಗದೆ ನೆಟ್ಟಗೆ ನಿಂತು, “ಅರ್ಜಿ ಕೊಟ್ಟು ಎಷ್ಟು ದಿನವಾಯಿತು, ಹಿಂಬರಹ ಕೊಡಿ” ಎಂದು ಕೇಳಿದರೆ ಅದು ಸೊಕ್ಕು ಅನ್ನಿಸಿಕೊಳ್ಳುತ್ತದೆ. ಆ ರೈತ ಕೇಳಿದ್ದು ತನಗೆ ಸಲ್ಲಬೇಕಾದದ್ದನ್ನು. ಅಧಿಕಾರಿ ಕೇಳುತ್ತಿರುವುದು ತನಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚಿನದನ್ನು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ, ಮರ್ಯಾದೆ ಕೊಟ್ಟು ಮರ್ಯಾದೆ ತಗೋ ಎಂದು ಬಿಡುವುದು ನಮಗೆ ರೂಢಿಯಾಗಿದೆ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಕುರ್ಚಿಗೆ ಸಲ್ಲುವ ಮರ್ಯಾದೆ ಕುರ್ಚಿಯ ಕೆಲಸದಷ್ಟೇ. ಅದರಲ್ಲಿ ಕೂತವರು ಕೊಟ್ಟ ಆದೇಶವನ್ನು ಪಾಲಿಸಬೇಕು, ಸಮಯಕ್ಕೆ ಸರಿಯಾಗಿ ಹೋಗಬೇಕು, ಸರದಿಯಲ್ಲಿ ನಿಲ್ಲಬೇಕು. ಚಪ್ಪಲಿ ಬಿಡುವುದು, ಟವೆಲ್ ತೆಗೆಯುವುದು ಯಾವ ಕಾನೂನಿನಲ್ಲೂ ಇಲ್ಲ.

2022ರ ಜನವರಿಯಲ್ಲಿ ತುಮಕೂರಿನ ಒಂದು ವಾಹನ ಮಳಿಗೆಯಲ್ಲಿ ನಡೆದದ್ದು ದೇಶವೆಲ್ಲ ಸುದ್ದಿಯಾಯಿತು. ಹೂವು ಬೆಳೆಯುವ ಯುವ ರೈತರೊಬ್ಬರು ಸ್ನೇಹಿತರೊಡನೆ ಸರಕು ಸಾಗಿಸುವ ಗಾಡಿ ಕೊಳ್ಳಲು ಹೋದರು. ಅವರ ಬಟ್ಟೆಬರೆ ನೋಡಿದ ಅಲ್ಲಿನ ಸಿಬ್ಬಂದಿ, ಜೇಬಿನಲ್ಲಿ ಹತ್ತು ರೂಪಾಯಿ ಇಲ್ಲದವರು ಹತ್ತು ಲಕ್ಷದ ಗಾಡಿ ಕೊಳ್ಳುತ್ತೀರಾ ಎಂಬ ಅರ್ಥದ ಮಾತನಾಡಿದರು ಎಂಬುದು ರೈತರ ದೂರು. ಅವರು ಒಂದು ತಾಸಿನೊಳಗೆ ಹತ್ತು ಲಕ್ಷ ರೂಪಾಯಿ ತಂದು ಮುಂದಿಟ್ಟರು, ಇಂದೇ ಗಾಡಿ ಕೊಡಿ ಎಂದರು. ಗಾಡಿ ಅಂದೇ ಕೊಡಲಾಗದೆ ಮಾತು ಪೊಲೀಸ್ ಠಾಣೆಯವರೆಗೂ ಹೋಯಿತು. ಆ ಕಂಪನಿಯ ಮುಖ್ಯಸ್ಥರೇ, ವ್ಯಕ್ತಿಯ ಘನತೆಯನ್ನು ಕಾಪಾಡುವುದು ನಮ್ಮ ಮೂಲ ಮೌಲ್ಯ, ಅದಕ್ಕೆ ಚ್ಯುತಿ ಬಂದರೆ ತಕ್ಷಣ ಸರಿಪಡಿಸುತ್ತೇವೆ ಎಂದು ಸಾರ್ವಜನಿಕವಾಗಿ ಬರೆದರು. ಕೊನೆಗೆ ಗಾಡಿಯೂ ಮನೆಗೆ ಬಂತು.

ಎಲ್ಲರೂ ಈ ಕಥೆಯನ್ನು ಸಂತೋಷದಿಂದ ಹೇಳಿಕೊಂಡರು, ನಾನೂ ಆ ರೈತರ ಛಲವನ್ನು ಮೆಚ್ಚಿದೆ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಂದು ತಾಸಿನಲ್ಲಿ ಹತ್ತು ಲಕ್ಷ ಹೊಂದಿಸಲಾಗದ ರೈತ ಅಂದು ಆ ಮಳಿಗೆಗೆ ಹೋಗಿದ್ದರೆ? ಗಾಡಿಯ ಬೆಲೆ ಮಾತ್ರ ಕೇಳಿಕೊಂಡು ಬರಲು ಹೋಗಿದ್ದರೆ? ಅವನಿಗೆ ಆದ ಅವಮಾನ ಅವಮಾನವಲ್ಲವೇ? ಹಣ ತೋರಿಸಿದ ಮೇಲೆ ಬಂದ ಮರ್ಯಾದೆ ಹಣದ್ದು. ಜೇಬು ಬರಿದಾಗಿರುವ ಮನುಷ್ಯ ಬಾಗಿಲಲ್ಲಿ ನಿಂತಾಗ “ಬನ್ನಿ, ಕೂತುಕೊಳ್ಳಿ” ಎನ್ನುವುದು ಇದೆಯಲ್ಲ, ನಾನು ಹುಡುಕುತ್ತಿರುವುದು ಅದನ್ನು.

ಅದೇ ವರ್ಷದ ನವೆಂಬರಿನಲ್ಲಿ, ಅದೇ ಊರಿನಲ್ಲಿ, ಹಾಗೆ ಬರಿಗೈಯಲ್ಲಿ ಬಾಗಿಲಿಗೆ ಬಂದವಳು ಒಬ್ಬ ತುಂಬು ಗರ್ಭಿಣಿ. ತಮಿಳುನಾಡಿನ ಕಡೆಯಿಂದ ಬಂದು ತುಮಕೂರಿನಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದ ಬಡ ಹೆಣ್ಣುಮಗಳು. ಹೆರಿಗೆ ನೋವು ಕಾಣಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಾಗ ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂಬ ಕಾರಣಕ್ಕೆ ದಾಖಲು ಮಾಡಿಕೊಳ್ಳದೆ ಕಳಿಸಿದರು ಎಂದು ವರದಿಯಾಯಿತು. ಮನೆಯಲ್ಲೇ ಹೆರಿಗೆಯಾಯಿತು. ತಾಯಿ, ಅವಳಿ ಕೂಸುಗಳು, ಮೂವರೂ ಉಳಿಯಲಿಲ್ಲ. ವೈದ್ಯರನ್ನೂ ಶುಶ್ರೂಷಕಿಯರನ್ನೂ ಅಮಾನತು ಮಾಡಿದರು. ಆರೋಗ್ಯ ಸಚಿವರು ಊರಿಗೆ ಬಂದರು. ತುರ್ತು ಚಿಕಿತ್ಸೆಗೆ ದಾಖಲೆ ಕೇಳಬಾರದು ಎಂದು ಮತ್ತೆ ಹೇಳಬೇಕಾಯಿತು.

ತಾಯಿ ಕಾರ್ಡ್ ಒಳ್ಳೆಯ ವ್ಯವಸ್ಥೆ. ಗರ್ಭಿಣಿಯ ರಕ್ತದ ಗುಂಪು, ತೂಕ, ಚುಚ್ಚುಮದ್ದು, ಎಲ್ಲ ಅದರಲ್ಲಿ ಇರುತ್ತದೆ. ತಾಯಿಯನ್ನು ಉಳಿಸಲೆಂದೇ ಮಾಡಿದ ಕಾಗದ ಅದು. ಅಂದು ಆ ಕಾಗದಕ್ಕೆ ಸಂದ ಗೌರವ ನೋವಿನಿಂದ ಬಾಗಿದ ದೇಹಕ್ಕೆ ಸಲ್ಲಲಿಲ್ಲ. ಅಧಿಕಾರಕ್ಕೆ ಕೊಡುವ ಮರ್ಯಾದೆಯೆಂದರೆ ದೊಡ್ಡ ಮನುಷ್ಯರಿಗೆ ಕೈಮುಗಿಯುವುದು ಮಾತ್ರ ಎಂದುಕೊಂಡಿರುತ್ತೇವೆ. ಆದರೆ ಒಂದು ನಿಯಮಕ್ಕೆ, ಒಂದು ಮೊಹರಿಗೆ, ಒಂದು ರಿಜಿಸ್ಟರಿಗೆ ಕೂಡ ಅದೇ ಬಗೆಯ ಭಯಭಕ್ತಿ ಬೆಳೆದುಬಿಡುತ್ತದೆ. ಮೇಲಿನವರು ಕೇಳಿದರೆ ಏನು ಹೇಳಲಿ ಎಂಬ ಅಂಜಿಕೆ, ಎದುರಿಗಿರುವವಳು ಸತ್ತರೆ ಏನು ಹೇಳಲಿ ಎಂಬ ಅಂಜಿಕೆಗಿಂತ ದೊಡ್ಡದಾಗುತ್ತದೆ.

ಈ ಅಂಜಿಕೆ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು. ನಮ್ಮ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆಯಾದರೂ ಒಂದು ತಲೆಬರಹ ಕಾಣುತ್ತದೆ: ಅಧಿಕಾರಿಗಳಿಗೆ ತರಾಟೆ. ಪ್ರಗತಿ ಪರಿಶೀಲನೆ ಸಭೆಯಲ್ಲಿ, ಜನಸ್ಪಂದನ ಸಭೆಯಲ್ಲಿ, ಕ್ಯಾಮೆರಾಗಳ ಮುಂದೆ, ಸಚಿವರೋ ಶಾಸಕರೋ ತಹಶೀಲ್ದಾರರನ್ನು ನಿಲ್ಲಿಸಿ ಬಯ್ಯುತ್ತಾರೆ. ಏನ್ರೀ, ನಾಚಿಕೆ ಆಗಲ್ವಾ ಎಂಬಲ್ಲಿಂದ ಶುರುವಾದದ್ದು ಏಕವಚನಕ್ಕೆ ಇಳಿಯುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ನಮಗೆ ಬಯ್ದವರಿಗೆ ಇವರು ಬಯ್ದರಲ್ಲ ಎಂಬ ಸಮಾಧಾನ ನಮ್ಮದು. ಆ ಬೈಗುಳ ಅಲ್ಲಿಗೇ ನಿಲ್ಲುವುದಿಲ್ಲ. ಸಭೆಯಿಂದ ಹೊರಬಂದ ತಹಶೀಲ್ದಾರರು ಕಂದಾಯ ನಿರೀಕ್ಷಕರ ಮೇಲೆ, ಅವರು ಗ್ರಾಮ ಆಡಳಿತಾಧಿಕಾರಿಗಳ ಮೇಲೆ, ಅವರು ಕಂಕುಳಲ್ಲಿ ಟವೆಲ್ ಇಟ್ಟುಕೊಂಡು ನಿಂತ ಆ ರೈತನ ಮೇಲೆ ಇಳಿಸುತ್ತಾರೆ. ಅಧಿಕಾರಿ ತಪ್ಪು ಮಾಡಿದ್ದರೆ ನೋಟಿಸ್ ಕೊಡಲಿ, ವಿಚಾರಣೆ ಮಾಡಲಿ, ಅಮಾನತು ಮಾಡಲಿ. ತಪ್ಪಿಗೆ ಶಿಕ್ಷೆ ಉಂಟು, ಅವಮಾನ ಆ ಶಿಕ್ಷೆಗಳ ಪಟ್ಟಿಯಲ್ಲಿಲ್ಲ. ತರಾಟೆಗೆ ಚಪ್ಪಾಳೆ ತಟ್ಟುವ ನಾವು, ಅದೇ ನಾಲಿಗೆ ನಾಳೆ ನಮ್ಮ ಕಡೆಗೆ ತಿರುಗುತ್ತದೆ ಎಂಬುದನ್ನು ಮರೆಯುತ್ತೇವೆ.

ಆ ರೈತನ ಪರವಾಗಿ ಕಾನೂನೂ ಮಾತಾಡಿದೆ. 2012ರ ಏಪ್ರಿಲಿನಲ್ಲಿ ಕರ್ನಾಟಕದಲ್ಲಿ ‘ಸಕಾಲ’ ಜಾರಿಗೆ ಬಂತು. ಹೇಳಿದ ಅವಧಿಯಲ್ಲಿ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ನಾಗರಿಕನಿಗೆ ಪರಿಹಾರ ಎಂದು ಕಾನೂನು ಹೇಳಿತು. ಮೊತ್ತ ಸಣ್ಣದಿರಬಹುದು. ಆದರೆ ಸೇವೆಯೆಂಬುದು ಸಾಹೇಬರ ದಯೆಯಲ್ಲ, ನಿನಗೆ ಸಲ್ಲಬೇಕಾದ ಬಾಕಿ ಎಂದು ಸರ್ಕಾರವೇ ಬರೆದುಕೊಟ್ಟದ್ದು ಸಣ್ಣ ಮಾತಲ್ಲ. ನಮ್ಮ ಸಂವಿಧಾನದ ಪ್ರಸ್ತಾವನೆಯೂ ವ್ಯಕ್ತಿ ಗೌರವದ ಮಾತನ್ನೇ ಆಡುತ್ತದೆ. ಯಾವ ವ್ಯಕ್ತಿಯ ಗೌರವ ಎಂದು ಅದು ವಿಂಗಡಿಸಿ ಹೇಳಿಲ್ಲ. ತಡವಾದ ದಿನಗಳಿಗೆ ಕಾನೂನು ಬೆಲೆ ಕಟ್ಟಬಲ್ಲದು. ‘ಏನಯ್ಯಾ’ ಎಂದ ದನಿಗೆ ಬೆಲೆ ಕಟ್ಟುವ ಕಲಮು ಬರೆಯುವುದು ಕಷ್ಟ, ಅದನ್ನು ನಾವೇ ಕಲಿಯಬೇಕು.

ಕಲಿಯಲು ತುಮಕೂರಿನವರು ದೂರ ಹೋಗಬೇಕಾಗಿಲ್ಲ, ಸಿದ್ಧಗಂಗೆಯ ಮಠ ಇದೆ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಅವರ ಕಾಲಿಗೆ ಬಿದ್ದವರಲ್ಲಿ ರಾಷ್ಟ್ರಪತಿಗಳಿದ್ದರು, ಪ್ರಧಾನಿಗಳಿದ್ದರು, ಮುಖ್ಯಮಂತ್ರಿಗಳಂತೂ ಒಬ್ಬರೂ ತಪ್ಪಿದವರಿಲ್ಲ ಎನ್ನಬಹುದು. ಅಷ್ಟು ಜನ ಬಾಗಿದ್ದು ಯಾವ ಅಧಿಕಾರಕ್ಕೆ? ಪೀಠಕ್ಕೆ ಎನ್ನುವವರಿದ್ದಾರೆ. ಪೀಠಗಳು ನಾಡಿನಲ್ಲಿ ಬೇಕಾದಷ್ಟಿವೆ. ನನ್ನ ತಿಳಿವಳಿಕೆಯಲ್ಲಿ ಜನ ಬಾಗಿದ್ದು ಆ ಅಡುಗೆಮನೆಗೆ. ಹತ್ತು ಸಾವಿರದ ಹತ್ತಿರ ಮಕ್ಕಳು ಅಲ್ಲಿ ಉಂಡು, ಮಲಗಿ, ಓದುತ್ತಾರೆ. ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಒಂದೇ ಮುದ್ದೆ ಉಣ್ಣುತ್ತಾರೆ. ದಾಸೋಹಕ್ಕೆ ಬಂದವರನ್ನು ಯಾವ ಊರು, ಯಾವ ಜನ ಎಂದು ಕೇಳಿ ಎಲೆ ಹಾಕುವ ಪದ್ಧತಿ ಅಲ್ಲಿಲ್ಲ. ಎಡೆಯೂರಿನ ಸಿದ್ಧಲಿಂಗೇಶ್ವರನ ದಾಸೋಹದಲ್ಲೂ ಅದೇ ರೀತಿ. ದಯಮಾಡಿ ಗಮನಿಸಿ: ಮೊದಲು ಅನ್ನ, ಮೊದಲು ಸಾಲು, ಮೊದಲು ಮನುಷ್ಯನೆಂಬ ಲೆಕ್ಕ. ಜನರ ಭಕ್ತಿ ಆಮೇಲೆ ಬಂತು, ತಾನಾಗಿ ಬಂತು. ಕಚೇರಿಯ ಒಪ್ಪಂದ ಇದಕ್ಕೆ ಪೂರ್ತಿ ತಲೆಕೆಳಗು. ಸ್ವಾಮೀಜಿಯವರು ಲಿಂಗೈಕ್ಯರಾದ ದಿನವನ್ನು ಸರ್ಕಾರ ದಾಸೋಹ ದಿನವೆಂದು ಘೋಷಿಸಿದೆ. ಆ ದಿನ ಕಚೇರಿಗಳಲ್ಲಿ ಭಾವಚಿತ್ರಕ್ಕೆ ಹೂವಿನ ಹಾರ ಹಾಕುವವರು ಕೌಂಟರಿನ ಎದುರಿಗೆ ನಿಂತವರಿಗೆ ಒಂದು ಬೆಂಚನ್ನೂ ಹಾಕಿದರೆ ಅದು ಸ್ವಾಮೀಜಿಯವರಿಗೆ ಸಲ್ಲುವ ಗೌರವ ಎಂದು ನಾನು ನಂಬುತ್ತೇನೆ.

ಹಾಗಾದರೆ ಅಧಿಕಾರಕ್ಕೆ, ಗುರುತನಕ್ಕೆ, ಹಿರಿತನಕ್ಕೆ ಗೌರವವೇ ಬೇಡವೇ ಎಂದು ಕೇಳಬಹುದು. ಬೇಕು. ಬಲ್ಲವರ ಮಾತಿಗೆ ಕಿವಿಗೊಡದೆ ಯಾವ ಕಸುಬೂ ಬರುವುದಿಲ್ಲ. ಆದರೆ ಆ ಗೌರವಕ್ಕೆ ಪ್ರಶ್ನೆಯನ್ನು ತಾಳಿಕೊಳ್ಳುವ ಶಕ್ತಿ ಇರಬೇಕು. ತುಮಕೂರಿನಿಂದ ಕುಣಿಗಲ್ ದಾರಿಯಲ್ಲಿ ಹೊರಟರೆ ಗೂಳೂರು, ಅದರ ಪಕ್ಕದಲ್ಲೇ ಕೈದಾಳ ಸಿಗುತ್ತವೆ. ಕೈದಾಳದಲ್ಲಿ 12ನೇ ಶತಮಾನದ ಚೆನ್ನಕೇಶವನ ಗುಡಿಯಿದೆ, ಅಮರಶಿಲ್ಪಿ ಜಕಣಾಚಾರಿಯ ಐತಿಹ್ಯ ಆ ಊರಿನದು. ಬೇಲೂರಿನಲ್ಲಿ ನಾಡೇ ಹೊಗಳುವ ಮಹಾಶಿಲ್ಪಿಯ ಎದುರು ಒಬ್ಬ ಅಪರಿಚಿತ ಹುಡುಗ ನಿಂತು, ಈ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. ಗಂಧ ಬಳಿದು ನೋಡಿದಾಗ ಒಂದು ಕಡೆ ಮಾತ್ರ ಒಣಗಲಿಲ್ಲ, ಅಲ್ಲಿ ಒಡೆದರೆ ಒಳಗೆ ಕಪ್ಪೆ. ಜಕಣಾಚಾರಿ ಪಣವಿಟ್ಟ ಬಲಗೈಯನ್ನು ಕತ್ತರಿಸಿಕೊಂಡ. ಆ ಹುಡುಗ ಅವನ ಮಗನೇ ಎಂಬುದು ಆಮೇಲೆ ತಿಳಿಯಿತು.

ಚರಿತ್ರೆ ಇದನ್ನು ಒಪ್ಪದಿರಬಹುದು, ಜನ ನೂರಾರು ವರ್ಷ ಇದನ್ನು ಹೇಳಿಕೊಂಡು ಬಂದಿದ್ದಾರೆ. ಕಥೆ ಕೇಳುವವರೆಲ್ಲ ಕತ್ತರಿಸಿದ ಕೈಗೆ ಮರುಗುತ್ತಾರೆ. ನನಗೆ ಅದಕ್ಕಿಂತ ಮುಂಚಿನ ಗಳಿಗೆ ಮುಖ್ಯವಾಗಿ ಕಾಣುತ್ತದೆ. ಹೆಸರಿಲ್ಲದ, ಊರು ತಿಳಿಯದ ಹುಡುಗನ ಮಾತನ್ನು ಪರೀಕ್ಷೆಗೆ ಒಡ್ಡಿದರಲ್ಲ, ಗಂಧ ತಂದು ಬಳಿದರಲ್ಲ! ನೀನು ಯಾರು ಕೇಳುವುದಕ್ಕೆ ಎಂದು ಅಟ್ಟಿದ್ದರೆ ಕಥೆಯೇ ಹುಟ್ಟುತ್ತಿರಲಿಲ್ಲ. ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು ಸಂಪಾದಿಸಿದ ಶೂನ್ಯಸಂಪಾದನೆಯೂ ಇಂಥ ಪ್ರಶ್ನೆಗಳ ಮೇಲೆಯೇ ನಿಂತ ಗ್ರಂಥ. ಅಲ್ಲಿ ಅಲ್ಲಮನೇ ಶೂನ್ಯಸಿಂಹಾಸನದ ಒಡೆಯ, ಆದರೂ ಮುಕ್ತಾಯಕ್ಕ ಅವನನ್ನು ಎದುರಿಸಿ ವಾದಿಸುತ್ತಾಳೆ. ಅಕ್ಕಮಹಾದೇವಿಯನ್ನು ಅವನು ಕಠಿಣವಾಗಿ ಪರೀಕ್ಷಿಸುತ್ತಾನೆ, ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಯಾರ ಘನತೆಗೂ ಅದರಿಂದ ಕುಂದು ಬರುವುದಿಲ್ಲ. ಅಂಥ ಗ್ರಂಥವನ್ನು ಕೊಟ್ಟ ನೆಲದಲ್ಲಿ, ತರಗತಿಯಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ಅಧಿಕಪ್ರಸಂಗಿ ಎಂಬ ಹೆಸರು ಬೀಳುವುದು ನನಗೆ ಬಹಳ ನೋವಿನ ವಿಷಯ.

ಇನ್ನು ಕೊನೆಯದಾಗಿ ಗೊಲ್ಲರಹಟ್ಟಿಗಳ ಮಾತು. ಅಧಿಕಾರವೆಂಬುದು ಕಚೇರಿಯಲ್ಲಿ ಮಾತ್ರ ಇರುವುದಿಲ್ಲ. ದೇವರ ಹೆಸರಿನಲ್ಲಿ, ಹಿರಿಯರ ಹೆಸರಿನಲ್ಲಿ, ನಡೆದುಬಂದ ಕಟ್ಟಳೆಯ ಹೆಸರಿನಲ್ಲಿ ಇರುವ ಅಧಿಕಾರ ಎಲ್ಲಕ್ಕಿಂತ ಬಲವಾದದ್ದು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇಡುವ ರೂಢಿ ಇಂದಿಗೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ ಗಾಳಿಯ ನಡುವೆ ಅಂಥ ಗುಡಿಸಿಲಿನಲ್ಲಿದ್ದ ಹಸುಗೂಸು ಶೀತಕ್ಕೆ ಸಿಕ್ಕಿ ತೀರಿಕೊಂಡಿತು. ಅದೇ ವರ್ಷ ಗುಬ್ಬಿಯ ನ್ಯಾಯಾಧೀಶೆಯೊಬ್ಬರು ತಮ್ಮ ತಾಲ್ಲೂಕಿನ ಒಂದು ಹಟ್ಟಿಗೆ ತಾವೇ ಹೋದರು. ಊರಾಚೆಯ ಗುಡಿಸಿಲಿನಲ್ಲಿದ್ದ ಬಾಣಂತಿಯನ್ನೂ ಮಗುವನ್ನೂ ಮನೆಯೊಳಗೆ ಸೇರಿಸಿದರು. ಅವರು ಸಮನ್ಸ್ ಕಳಿಸಬಹುದಿತ್ತು, ವರದಿ ಕೇಳಬಹುದಿತ್ತು. ಹೋಗಿ ಆ ಗುಡಿಸಿಲಿನ ಬಾಗಿಲಲ್ಲಿ ಬಗ್ಗಿ ನೋಡಿದರು. ಕುರ್ಚಿಯ ತೂಕವೆಲ್ಲ ಯಾವ ಅಧಿಕಾರವೂ ಇಲ್ಲದ ಒಬ್ಬ ತಾಯಿಯ ಕಡೆಗೆ ವಾಲಿದ ಇಂಥ ಸಂದರ್ಭಗಳು ನಮ್ಮ ಜಿಲ್ಲೆಯಲ್ಲಿ ಹೆಚ್ಚಬೇಕು.

ಹಟ್ಟಿಯ ಜನರನ್ನು ಮೂಢರೆಂದು ಹೀಗಳೆಯುವುದು ಸುಲಭ. ಶಾಲೆ, ರಸ್ತೆ, ಆಸ್ಪತ್ರೆ ಯಾವುದೂ ಹೊತ್ತಿಗೆ ಸರಿಯಾಗಿ ಮುಟ್ಟದ ಜನ ಅವರು. ತಮ್ಮ ದೇವರು ಮುನಿದರೆ ಕುರಿ, ದನ, ಮಕ್ಕಳಿಗೆ ಕೇಡು ಎಂಬ ಭಯದಲ್ಲಿ ಬದುಕುವ ಅಜ್ಜಿಯ ಹತ್ತಿರ ಕೂತು ಮಾತನಾಡಬೇಕು, ಅವಳನ್ನು ಗದರಿಸಿ ತಿದ್ದಲಾಗದು. ಹಾಗೆಂದು ಕಟ್ಟಳೆಗೆ ಅಂಜಿ ಹಿಂದೆ ಸರಿಯುವುದೂ ಸಲ್ಲದು. ಕೆಲವು ಹಟ್ಟಿಗಳಲ್ಲಿ ಸರ್ಕಾರದ ದುಡ್ಡಿನಿಂದಲೇ ‘ಕೃಷ್ಣ ಕುಟೀರ’ಗಳೆಂಬ ಕಟ್ಟಡಗಳು ಎದ್ದಿವೆ. ಹೊರಗೆ ಕೂರುವ ಹೆಣ್ಣುಮಕ್ಕಳಿಗೆ ಗುಡಿಸಿಲಿನ ಬದಲು ಗಟ್ಟಿ ಸೂರು ಸಿಗಲಿ ಎಂಬುದು ಉದ್ದೇಶ. ಕಟ್ಟಿಸಿದವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಹೊರಗಿಡುವ ಪದ್ಧತಿಗೆ ಅದು ಕಾಂಕ್ರೀಟಿನ ಒಪ್ಪಿಗೆಯಾಯಿತು. ಆ ಕಟ್ಟಡಗಳು ಇನ್ನು ಅಂಗನವಾಡಿಗೆ ಸಿಗಲಿ, ಹಟ್ಟಿಯ ಮಕ್ಕಳ ಓದುಮನೆಯಾಗಲಿ. ತಾಲ್ಲೂಕಿನ ವೈದ್ಯಾಧಿಕಾರಿಗಳು, ಆಶಾ ಕಾರ್ಯಕರ್ತೆಯರು, ಹಟ್ಟಿಯ ಪೂಜಾರಿ ಒಟ್ಟಿಗೆ ಕೂತು ಮಳೆಗಾಲಕ್ಕೆ ಮುಂಚೆಯೇ ಮಾತಾಡಲಿ. ಆಸ್ಪತ್ರೆಯಿಂದ ಬರುವ ಬಾಣಂತಿ ನೇರವಾಗಿ ತನ್ನ ಮನೆಯ ಒಳಕೋಣೆಗೆ ಹೋಗಲಿ.